ಸಮ್ಮತಿಯೋ ವಿಜಯವೋ: 1834ರ ಕೊಡಗು ಸಂಸ್ಥಾನದ ಪತನ – ಒಂದು ಮರುಪರಿಶೀಲನೆ

ಪೀಠಿಕೆ

1834ರ ಮೇ 7ರಂದು ಮಡಿಕೇರಿಯಲ್ಲಿ ಹೊರಡಿಸಲಾದ ಘೋಷಣೆಯೊಂದರ ಮೂಲಕ ಕೊಡಗು ಸಂಸ್ಥಾನವು ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಒಳಪಟ್ಟಿತು. ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನ ರಾಜಕೀಯ ಪ್ರತಿನಿಧಿಯಾಗಿದ್ದ ಕರ್ನಲ್ ಜೇಮ್ಸ್ ಸ್ಟುವರ್ಟ್ ಫ್ರೇಸರನ ಹೆಸರಿನಲ್ಲಿ ಪ್ರಕಟವಾದ ಆ ಘೋಷಣೆಯು, ಕೊಡಗಿನ ನಿವಾಸಿಗಳೆಲ್ಲರ ಒಮ್ಮತದ ಇಚ್ಛೆಯ ಮೇರೆಗೆ ಈ ಸೇರ್ಪಡೆ ನಡೆದಿದೆ ಎಂದು ಸಾರಿತು. ಇಪ್ಪತ್ತಾರು ವರ್ಷಗಳ ನಂತರ, 1860ರಲ್ಲಿ, ಪದಚ್ಯುತ ಅರಸನು ತನ್ನ ಹಣಕ್ಕಾಗಿ ಲಂಡನ್ನಿನಲ್ಲಿ ಹೂಡಿದ್ದ ದಾವೆ ತೀರ್ಮಾನವಾದಾಗ ಅಲ್ಲಿನ ನ್ಯಾಯಾಲಯವು ಅದೇ ಘಟನೆಯನ್ನು ಬೇರೊಂದು ರೀತಿಯಲ್ಲಿ ಗ್ರಹಿಸಿತು. ಕಂಪನಿಯು ಸಾರ್ವಭೌಮ ಶಕ್ತಿಯಾಗಿ ಯುದ್ಧ ಮಾಡಿ ವಶಪಡಿಸಿಕೊಂಡದ್ದು ರಾಜ್ಯಕೃತ್ಯವಾದುದರಿಂದ ಅದನ್ನು ವಿಚಾರಿಸುವ ಅಧಿಕಾರ ತನಗಿಲ್ಲವೆಂಬುದು ಅದರ ನಿಲುವಾಗಿತ್ತು.

ಒಂದೇ ಘಟನೆಗೆ ನೀಡಲಾದ ಈ ಎರಡು ಸಮರ್ಥನೆಗಳು ಪರಸ್ಪರ ಹೊಂದುವಂಥವಲ್ಲ. ಪ್ರಜೆಗಳ ಸಮ್ಮತಿಯಿಂದ ದೊರೆತ ರಾಜ್ಯವು ಯುದ್ಧದಲ್ಲಿ ಗೆದ್ದ ರಾಜ್ಯವಾಗಲಾರದು. ಯುದ್ಧದಲ್ಲಿ ಗೆದ್ದುದಾದರೆ ಸಮ್ಮತಿಯ ಮಾತಿಗೆ ಅರ್ಥವಿಲ್ಲ. ಕೊಡಗಿನ ಇತಿಹಾಸವನ್ನು ಕುರಿತ ಬರಹಗಳಲ್ಲಿ ಚರ್ಚೆಯು ಬಹುಪಾಲು ಚಿಕ್ಕವೀರರಾಜೇಂದ್ರನ ಗುಣಾವಗುಣಗಳ ಸುತ್ತ ನಡೆದಿದೆ. ಅರಸನ ನಡತೆಯಿಂದ ಗಮನವನ್ನು ಸರಿಸಿ, 1790ರ ಮೈತ್ರಿಯಿಂದ 1837ರ ಬಂಡಾಯದವರೆಗಿನ ಘಟನಾವಳಿಯಲ್ಲಿ ‘ಸಮ್ಮತಿ’ ಎಂಬ ಮಾತು ಹೇಗೆ ರೂಪುಗೊಂಡಿತು, ಯಾರ ಸಮ್ಮತಿಯನ್ನು ಎಲ್ಲರ ಸಮ್ಮತಿಯೆಂದು ಪರಿಗಣಿಸಲಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದಕ್ಕೆ ಪೂರಕವಾಗಿ, ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ದಾಳಿಗೆ ಸಿಲುಕಿ ಪತನಗೊಂಡ ಮೆಕ್ಸಿಕೋದ ಅಜ್ಟೆಕ್ ರಾಜ್ಯದ ನಿದರ್ಶನವನ್ನು ತೌಲನಿಕವಾಗಿ ಬಳಸಿಕೊಳ್ಳಲಾಗಿದೆ.

ಹಾಲೇರಿ ಅರಸರು ಮತ್ತು ನಾಡುಗಳು

ಕೊಡಗನ್ನು ಸುಮಾರು ಎರಡು ಶತಮಾನಗಳಿಗೂ ಹೆಚ್ಚು ಕಾಲ ಆಳಿದ ಹಾಲೇರಿ ಮನೆತನದವರು ವೀರಶೈವರು. ಇಕ್ಕೇರಿಯ ನಾಯಕರ ಶಾಖೆಗೆ ಸೇರಿದವರು. ಮುದ್ದುರಾಜನು 1681ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ಸ್ಥಳಾಂತರಿಸಿದನು. ಅರಸರು ಹೊರಗಿನಿಂದ ಬಂದವರಾದರೂ ಅವರ ಆಳ್ವಿಕೆ ನಿಂತಿದ್ದುದು ನಾಡಿನ ಹಳೆಯ ವ್ಯವಸ್ಥೆಯ ಮೇಲೆಯೇ. ಸಂಪ್ರದಾಯದಂತೆ ಕೊಡಗು ಹನ್ನೆರಡು ಕೊಂಬುಗಳಾಗಿಯೂ ಮೂವತ್ತೈದು ನಾಡುಗಳಾಗಿಯೂ ವಿಭಾಗಗೊಂಡಿತ್ತು. ಊರು ನಾಡುಗಳ ತಕ್ಕರು, ಒಕ್ಕಗಳ ಹಿರಿಯರು, ಅರಮನೆಯಿಂದ ನೇಮಕಗೊಂಡ ಕಾರ್ಯಕಾರರು ಮತ್ತು ದಿವಾನರು ಅರಸನಿಗೂ ಪ್ರಜೆಗೂ ನಡುವಣ ಕೊಂಡಿಗಳಾಗಿದ್ದರು.

ಈ ಸಂಬಂಧದ ಆರ್ಥಿಕ ತಳಹದಿ ಜಮ್ಮಾ ಹಿಡುವಳಿ. ಜಮ್ಮಾ ಭೂಮಿಯನ್ನು ಉಳುವ ಒಕ್ಕವು ಕಡಿಮೆ ಕಂದಾಯ ಕೊಡುತ್ತಿತ್ತು. ಪ್ರತಿಯಾಗಿ ಅರಸನು ಕರೆದಾಗ ಕೋವಿ, ಕತ್ತಿ ಹಿಡಿದು ಬರಬೇಕಿತ್ತು. ಹೀಗಾಗಿ ಅರಸನ ಸೈನ್ಯವೆಂದರೆ ಭೂಮಿಯುಳ್ಳ ಒಕ್ಕಗಳೇ. ಕಣಿವೆಗಳಲ್ಲಿ ಕಟ್ಟಿದ ಉಕ್ಕಡಗಳು, ಬೆಟ್ಟಗಳ ಮೇಲೆ ಮೈಲುಗಟ್ಟಲೆ ಹಬ್ಬಿದ ಕದಂಗಗಳು ಈ ಸೇನೆಯ ಬಲವನ್ನು ಹೆಚ್ಚಿಸಿದ್ದವು. ಒಕ್ಕಗಳ ಹಿರಿಯರು ಹಿಂದೆ ಸರಿದರೆ ಅರಸನಿಗೆ ಸೇನೆಯೇ ಇಲ್ಲವಾಗುವ ಅಪಾಯವೂ ಈ ವ್ಯವಸ್ಥೆಯಲ್ಲಿ ಅಡಗಿತ್ತು. ಅರಮನೆಯ ಆಡಳಿತ ಕನ್ನಡದಲ್ಲಿ ನಡೆಯುತ್ತಿತ್ತು. ದೊಡ್ಡವೀರರಾಜೇಂದ್ರನ ಕಾಲದಲ್ಲಿ ರಚಿತವಾದ ‘ರಾಜೇಂದ್ರನಾಮೆ’ ಹಾಗೂ ಲಿಂಗರಾಜನ ಹುಕುಂನಾಮೆ ಈ ಆಡಳಿತದ ಸ್ವರೂಪವನ್ನು ಅರಿಯಲು ಮುಖ್ಯ ಆಕರಗಳು.

ಮೈತ್ರಿಯಿಂದ ಅಧೀನತೆಗೆ

ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಕೊಡಗು ತೀವ್ರ ಸಂಕಷ್ಟಕ್ಕೆ ಸಿಲುಕಿತು. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರನು ನಾಡಿನವರನ್ನು ಒಗ್ಗೂಡಿಸಿ ಮೈಸೂರಿನ ಪಡೆಗಳನ್ನು ಹೊರದೂಡಿದನು. 1790ರ ಅಕ್ಟೋಬರಿನಲ್ಲಿ ತಲಚೇರಿಯ ಕಂಪನಿ ಅಧಿಕಾರಿ ರಾಬರ್ಟ್ ಟೇಲರನೊಡನೆ ಅವನು ಮಾಡಿಕೊಂಡ ಒಪ್ಪಂದದಂತೆ ಟಿಪ್ಪು ಉಭಯರಿಗೂ ಶತ್ರು. ಕೊಡಗು ಕಂಪನಿಯ ಸೇನೆಗೆ ದಾರಿಯನ್ನೂ ಧಾನ್ಯ, ದನಗಳನ್ನೂ ಒದಗಿಸಬೇಕು. ಕಂಪನಿಯು ಕೊಡಗಿನ ಸ್ವಾತಂತ್ರ್ಯವನ್ನು ಕಾಪಾಡಬೇಕು. ಮರುವರ್ಷ ಜನರಲ್ ಅಬರ್‌ಕ್ರೊಂಬಿಯ ಮುಂಬಯಿ ಸೇನೆ ಕೊಡಗಿನ ಕಣಿವೆಗಳ ಮೂಲಕವೇ ಶ್ರೀರಂಗಪಟ್ಟಣದತ್ತ ಸಾಗಿತು. ಅವರಿಬ್ಬರ ಭೇಟಿಯ ನೆನಪಿಗಾಗಿ 1792ರಲ್ಲಿ ವೀರರಾಜಪೇಟೆ ನಿರ್ಮಾಣವಾಯಿತು.

1792ರ ಶ್ರೀರಂಗಪಟ್ಟಣದ ಒಪ್ಪಂದದ ನಂತರ ಕೊಡಗು ಮೈಸೂರಿನ ಹಿಡಿತದಿಂದ ಬಿಡುಗಡೆಗೊಂಡರೂ ಕಂಪನಿಗೆ ವಾರ್ಷಿಕ ಕಾಣಿಕೆ ಸಲ್ಲಿಸುವ ಸ್ಥಿತಿಗೆ ಬಂದಿತು. 1799ರಲ್ಲಿ ಟಿಪ್ಪುವಿನ ಪತನದ ನಂತರ ಆ ಹಣವನ್ನು ಬಿಟ್ಟುಕೊಟ್ಟು, ವರ್ಷಕ್ಕೊಂದು ಆನೆಯನ್ನು ಕೊಡುವಂತೆ ಗೊತ್ತುಪಡಿಸಲಾಯಿತು. ಯುದ್ಧದಲ್ಲಿ ಅರಸನು ಮಾಡಿದ ವೆಚ್ಚಕ್ಕೆ ಪ್ರತಿಯಾಗಿ 1804ರಲ್ಲಿ ಘಟ್ಟದ ಕೆಳಗಿನ ಪಂಜ, ಬೆಳ್ಳಾರೆ ಪ್ರದೇಶಗಳು ಕೊಡಗಿಗೆ ದೊರೆತವು. ಹೊರನೋಟಕ್ಕೆ ಇದು ಮಿತ್ರನಿಗೆ ಸಂದ ಗೌರವ. ಆದರೆ ಮೈಸೂರಿನ ಪ್ರತಿಸ್ಪರ್ಧಿ ಶಕ್ತಿ ಇಲ್ಲವಾದ ಕ್ಷಣದಿಂದಲೇ ಕೊಡಗಿನ ಮೈತ್ರಿಗೆ ಕಂಪನಿಯ ದೃಷ್ಟಿಯಲ್ಲಿ ಮೊದಲಿನ ಬೆಲೆ ಉಳಿಯಲಿಲ್ಲ. ಶ್ರೀರಂಗಪಟ್ಟಣಕ್ಕೆ ಸೇನೆ ಸಾಗಿಸಲು ಬೇಕಿದ್ದ ಕಣಿವೆಗಳು ಈಗ ಎಲ್ಲ ಕಡೆಯಿಂದಲೂ ಕಂಪನಿಯ ಅಥವಾ ಅದರ ಆಶ್ರಿತರ ಪ್ರದೇಶದಿಂದ ಸುತ್ತುವರಿದಿದ್ದವು.

ಉತ್ತರಾಧಿಕಾರದ ಪ್ರಶ್ನೆಯಲ್ಲಿ ಈ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ. ಗಂಡು ಸಂತಾನವಿಲ್ಲದ ದೊಡ್ಡವೀರರಾಜೇಂದ್ರನು ತನ್ನ ಮಗಳು ದೇವಮ್ಮಾಜಿಗೆ ಪಟ್ಟ ಸಲ್ಲಬೇಕೆಂದು ಬಯಸಿ, ಅದಕ್ಕೆ ಕಂಪನಿಯ ಬೆಂಬಲವನ್ನು ಕೋರಿದ್ದನು. 1809ರಲ್ಲಿ ಅವನು ಕಾಲವಾದ ಮೇಲೆ ತಮ್ಮನಾದ ಲಿಂಗರಾಜನು ಮೊದಲು ಆಡಳಿತದ ಹೊಣೆ ಹೊತ್ತು, 1811ರಲ್ಲಿ ತಾನೇ ಅರಸನಾದನು. ಕಂಪನಿಯು ಇದನ್ನು ತಡೆಯಲಿಲ್ಲ. ಲಿಂಗರಾಜನು 1820ರಲ್ಲಿ ತೀರಿಕೊಂಡ ನಂತರ ಅವನ ಮಗ ಚಿಕ್ಕವೀರರಾಜೇಂದ್ರನು ಪಟ್ಟಕ್ಕೆ ಬಂದನು.

ಘರ್ಷಣೆಯ ಕಾರಣಗಳು

ಚಿಕ್ಕವೀರರಾಜೇಂದ್ರನ ಕ್ರೌರ್ಯವನ್ನು ಕುರಿತ ವಿವರಗಳು ಕಂಪನಿಯ ಪತ್ರವ್ಯವಹಾರದಲ್ಲಿಯೂ, ಹರ್ಮನ್ ಮೋಗ್ಲಿಂಗನ 1855ರ ಕೊಡಗಿನ ವೃತ್ತಾಂತದಲ್ಲಿಯೂ, ರಿಕ್ಟರನ 1870ರ ಕೈಪಿಡಿಯಲ್ಲಿಯೂ ವಿಪುಲವಾಗಿವೆ. ರಾಜಬಂಧುಗಳ ಹತ್ಯೆಯ ಆರೋಪಗಳನ್ನು ಕೇವಲ ವಸಾಹತುಶಾಹಿ ಕಟ್ಟುಕಥೆಗಳೆಂದು ತಳ್ಳಿಹಾಕುವುದು ಸಾಧ್ಯವಿಲ್ಲ. ನಾಡಿನ ಮುಖಂಡರಲ್ಲಿದ್ದ ಭಯ ನಿಜವಾದುದೇ. ಆದರೆ ಗಮನಿಸಬೇಕಾದ ಅಂಶವೊಂದಿದೆ. ದೊಡ್ಡವೀರರಾಜೇಂದ್ರನು ತನ್ನ ಕೊನೆಯ ವರ್ಷಗಳಲ್ಲಿ ಉನ್ಮಾದಕ್ಕೆ ಒಳಗಾಗಿ ಅನೇಕರನ್ನು ಕೊಲ್ಲಿಸಿದನೆಂದು ಇದೇ ಮೋಗ್ಲಿಂಗ್ ದಾಖಲಿಸುತ್ತಾನೆ. ಆಗ ಕಂಪನಿಗೆ ಅದು ಮಿತ್ರರಾಜ್ಯದ ಆಂತರಿಕ ವಿಷಯವಾಗಿತ್ತು. ಅರಸರ ಕ್ರೌರ್ಯವೇ ಸೇರ್ಪಡೆಗೆ ಸಾಕಷ್ಟು ಕಾರಣವಾಗಿದ್ದಲ್ಲಿ ಕೊಡಗು 1834ಕ್ಕೂ ಬಹು ಮುಂಚೆಯೇ ಕಂಪನಿಯ ವಶವಾಗಬೇಕಿತ್ತು.

ತಕ್ಷಣದ ಕಾರಣವು 1832ರಲ್ಲಿ ಒದಗಿತು. ಅರಸನ ಸೋದರಿ ದೇವಮ್ಮಾಜಿ (ಈಕೆ ದೊಡ್ಡವೀರರಾಜೇಂದ್ರನ ಮಗಳಾದ ದೇವಮ್ಮಾಜಿಯಲ್ಲ) ಮತ್ತು ಆಕೆಯ ಪತಿ ಚೆನ್ನಬಸಪ್ಪ ಕೊಡಗನ್ನು ತೊರೆದು, ಮೈಸೂರಿನ ರೆಸಿಡೆಂಟ್ ಕ್ಯಾಸಮೇಜರನ ಆಶ್ರಯ ಪಡೆದರು. ಅವರನ್ನು ಹಿಂದಿರುಗಿಸಬೇಕೆಂಬ ಅರಸನ ಬೇಡಿಕೆಯನ್ನು ಕಂಪನಿ ಪುರಸ್ಕರಿಸಲಿಲ್ಲ. ಮಾತುಕತೆಗೆಂದು ಬಂದ ಕಂಪನಿಯ ದೂತ ಕರುಣಾಕರ ಮೆನನನನ್ನು ಅರಸನು ಮಡಿಕೇರಿಯಲ್ಲಿ ತಡೆದಿರಿಸಿಕೊಂಡನು. ಓಡಿಹೋದವರನ್ನು ಒಪ್ಪಿಸಿದರೆ ದೂತನನ್ನು ಬಿಡುವೆನೆಂಬ ಅರಸನ ಹಟ, ದೂತನ ಬಂಧನ ತನಗಾದ ಅಪಮಾನವೆಂಬ ಕಂಪನಿಯ ನಿಲುವು ಇವೆರಡರ ನಡುವೆ ಸಂಧಾನದ ದಾರಿ ಮುಚ್ಚಿಹೋಯಿತು. 1831ರಲ್ಲಿ ಮೈಸೂರಿನ ಆಡಳಿತವನ್ನು ಕಂಪನಿ ನೇರವಾಗಿ ವಹಿಸಿಕೊಂಡಿದ್ದುದನ್ನೂ ಇಲ್ಲಿ ನೆನೆಯಬೇಕು. ಕೊಡಗಿನ ಪೂರ್ವದ ಗಡಿಯಾಚೆ ಈಗ ಇದ್ದುದು ಮೈಸೂರಿನ ಅರಸನ ಆಳ್ವಿಕೆಯಲ್ಲ, ಕಂಪನಿಯ ಕಮಿಷನರರ ಆಳ್ವಿಕೆ.

1834ರ ಏಪ್ರಿಲ್ ತಿಂಗಳ ಕಾರ್ಯಾಚರಣೆ

1834ರ ಮಾರ್ಚ್ 15ರ ಘೋಷಣೆಯು ವೀರರಾಜೇಂದ್ರ ಒಡೆಯರನ್ನು ಇನ್ನು ಮುಂದೆ ಕೊಡಗಿನ ಅರಸನೆಂದು ಪರಿಗಣಿಸುವುದಿಲ್ಲವೆಂದು ಸಾರಿ, ಪ್ರಜೆಗಳ ಹಿತವನ್ನು ಕಾಯುವ ಆಡಳಿತವನ್ನು ಸ್ಥಾಪಿಸುವ ಭರವಸೆಯನ್ನಿತ್ತಿತು. ಈ ಘೋಷಣೆ ಅರಸನನ್ನು ಮತ್ತು ನಾಡಿನವರನ್ನು ಬೇರ್ಪಡಿಸಿ ನೋಡಿತೆಂಬುದು ಮುಖ್ಯ. ಬ್ರಿಗೇಡಿಯರ್ ಲಿಂಡ್ಸೆಯ ನೇತೃತ್ವದಲ್ಲಿ ಸುಮಾರು ಆರೇಳು ಸಾವಿರ ಸೈನಿಕರ ಪಡೆ ನಾಲ್ಕು ದಂಡುಗಳಾಗಿ ನಾಲ್ಕು ದಿಕ್ಕುಗಳಿಂದ ಏಪ್ರಿಲ್ ಮೊದಲ ವಾರದಲ್ಲಿ ಕೊಡಗಿನತ್ತ ನುಗ್ಗಿತು.

ಈ ದಂಡುಗಳ ಅನುಭವ ಒಂದೇ ಬಗೆಯದಾಗಿರಲಿಲ್ಲ. ಉತ್ತರದ ಗಡಿಯಿಂದ ಕರ್ನಲ್ ವಾ ನಡೆಸಿಕೊಂಡು ಬಂದ ದಂಡು ಏಪ್ರಿಲ್ 3ರಂದು ಉಕ್ಕಡವೊಂದರ ಮುಂದೆ ತಡೆಗೊಂಡು ಭಾರಿ ನಷ್ಟ ಅನುಭವಿಸಿತು. 55ನೆಯ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಮಿಲ್ ಅಲ್ಲಿ ಹತನಾದನು. ಕುಂಬಳೆಯ ಕಡೆಯಿಂದ ಬಂದ ಕರ್ನಲ್ ಜಾಕ್ಸನನ ದಂಡು ಸೋತು ಹಿಂದಿರುಗಿತು. ಹೆಗ್ಗಳ ಕಣಿವೆಯಲ್ಲಿ ಕರ್ನಲ್ ಫೌಲಿಸನ ಪಡೆ ತೀವ್ರ ಪ್ರತಿರೋಧವನ್ನು ಎದುರಿಸಿ ಮುಂದುವರಿಯಿತು. ಆದರೆ ಪೂರ್ವದಲ್ಲಿ, ಕುಶಾಲನಗರದ ಬಳಿ ಕಾವೇರಿಯನ್ನು ದಾಟಿದ ಮುಖ್ಯ ದಂಡಿಗೆ ಅಂಥ ತಡೆ ಎದುರಾಗಲಿಲ್ಲ. ಕದನವನ್ನು ನಿಲ್ಲಿಸುವ ಸಂದೇಶದೊಡನೆ ಬಂದ ದಿವಾನ ಅಪ್ಪಾರಂಡ ಬೋಪು ಕಂಪನಿಯ ಸೇನೆಯನ್ನು ಮಡಿಕೇರಿಗೆ ಕರೆದೊಯ್ದನು. ಏಪ್ರಿಲ್ 6ರಂದು ಮಡಿಕೇರಿಯ ಕೋಟೆಯ ಮೇಲೆ ಬ್ರಿಟಿಷ್ ಬಾವುಟ ಹಾರಿತು. ನಾಲ್ಕುನಾಡಿನ ಅರಮನೆಯಲ್ಲಿದ್ದ ಅರಸನು ಏಪ್ರಿಲ್ 10ರಂದು ಮಡಿಕೇರಿಗೆ ಬಂದು ಶರಣಾದನು. ಅದೇ ತಿಂಗಳ 24ರಂದು ಅವನನ್ನು ಕೊಡಗಿನಿಂದ ಹೊರಗೆ ಕಳುಹಿಸಲಾಯಿತು. ಬೆಂಗಳೂರು, ವೆಲ್ಲೂರುಗಳ ಮೂಲಕ ಅವನು ಕಾಶಿಯನ್ನು ಸೇರಿದನು.

ಉತ್ತರದಲ್ಲಿ ಮತ್ತು ಪಶ್ಚಿಮದಲ್ಲಿ ಒಕ್ಕಗಳ ಯೋಧರು ಕಂಪನಿಯ ಸೇನೆಯನ್ನು ತಡೆದು ನಿಲ್ಲಿಸಿದ್ದ ದಿನಗಳಲ್ಲಿಯೇ ಪೂರ್ವದ ಬಾಗಿಲು ತೆರೆಯಿತು ಎಂಬುದು ಇಡೀ ಪ್ರಕರಣದ ಮರ್ಮ. ಯುದ್ಧ ಸೋತ ಪ್ರಜೆಗಳ ಶರಣಾಗತಿ ಇದಲ್ಲ. ಅರಸನನ್ನು ಸಂತೋಷದಿಂದ ತೊರೆದ ಪ್ರಜೆಗಳ ಸ್ವಾಗತವೂ ಇದಲ್ಲ. ಅರಸನ ಚಂಚಲತೆ, ದಿವಾನರ ಲೆಕ್ಕಾಚಾರ, ಕಣಿವೆ ಕಾಯುತ್ತಿದ್ದವರ ನಿಷ್ಠೆ ಇವು ಮೂರೂ ಏಕಕಾಲದಲ್ಲಿ ಬೇರೆ ಬೇರೆ ದಿಕ್ಕಿನಲ್ಲಿ ಕೆಲಸ ಮಾಡಿದವು.

ಮೆಕ್ಸಿಕೋದ ನಿದರ್ಶನ

ಸಮ್ಮತಿಯ ಹೆಸರಿನಲ್ಲಿ ವಿಜಯವನ್ನು ದಾಖಲಿಸುವ ಪದ್ಧತಿ ಕೊಡಗಿನಲ್ಲಿ ಮೊದಲಾದುದಲ್ಲ. 1519ರಲ್ಲಿ ಕೆಲವೇ ನೂರು ಸ್ಪ್ಯಾನಿಷ್ ಸೈನಿಕರೊಡನೆ ಮೆಕ್ಸಿಕೋದ ಕರಾವಳಿಯಲ್ಲಿ ಇಳಿದ ಹೆರ್ನಾನ್ ಕೊರ್ಟೆಸನು ಆ ವರ್ಷದ ನವೆಂಬರಿನಲ್ಲಿ ಅಜ್ಟೆಕ್ ರಾಜಧಾನಿಯಾದ ಟೆನೊಚ್‌ಟಿಟ್ಲಾನ್ ನಗರವನ್ನು ಪ್ರವೇಶಿಸಿದನು. ದೊರೆ ಮೊಕ್ಟೆಸುಮಾ ತನ್ನ ಒಡೆತನವನ್ನು ಸ್ಪೇನಿನ ದೊರೆಗೆ ಸ್ವಇಚ್ಛೆಯಿಂದ ಒಪ್ಪಿಸಿದನೆಂದು ಕೊರ್ಟೆಸ್ 1520ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಈ ಮಾತನ್ನು ಇತ್ತೀಚಿನ ಇತಿಹಾಸಕಾರರು ಬಹುತೇಕ ಒಪ್ಪುವುದಿಲ್ಲ. ಆ ಪತ್ರ ಬರೆಯುವ ವೇಳೆಗೆ ಮೊಕ್ಟೆಸುಮಾ ಸತ್ತಿದ್ದನು. ಸ್ಪೇನಿನವರನ್ನು ನಗರದಿಂದ ಹೊಡೆದೋಡಿಸಲಾಗಿತ್ತು. ಒಪ್ಪಿಸಿದ ರಾಜ್ಯವನ್ನು ಮರಳಿ ಪಡೆಯುವುದು ದಂಗೆಯನ್ನು ಅಡಗಿಸುವ ನ್ಯಾಯಬದ್ಧ ಕಾರ್ಯವೆನಿಸುತ್ತದೆ ಎಂಬುದೇ ಆ ಬರವಣಿಗೆಯ ಪ್ರಯೋಜನ.

1521ರ ಆಗಸ್ಟ್ 13ರಂದು ಟೆನೊಚ್‌ಟಿಟ್ಲಾನ್ ಪತನಗೊಂಡುದರಲ್ಲಿ ಸ್ಪೇನಿನವರ ಕುದುರೆ, ಉಕ್ಕು, ತೋಪುಗಳ ಪಾತ್ರಕ್ಕಿಂತ ಅಜ್ಟೆಕರ ನೆರೆಯ ವೈರಿಗಳಾದ ತ್ಲಾಸ್ಕಾಲಾದ ಜನರ ಮತ್ತು ಇತರ ಸ್ಥಳೀಯ ಮಿತ್ರರ ಸಹಸ್ರಾರು ಯೋಧರ ಪಾತ್ರ ಕಡಿಮೆಯದಲ್ಲ. 1520ರಲ್ಲಿ ಹಬ್ಬಿದ ಸಿಡುಬು ನಗರದ ಬಲವನ್ನು ಮುರಿದಿತ್ತು. ಕೊಡಗಿನಲ್ಲಿ ಇಂಥ ಮಹಾಮಾರಿಯಾಗಲಿ, ನಗರನಾಶವಾಗಲಿ ಸಂಭವಿಸಲಿಲ್ಲ. ಈ ಎರಡು ಪತನಗಳ ಪ್ರಮಾಣವನ್ನು ಸಮೀಕರಿಸುವುದು ಸರಿಯಾಗದು. ಸಾಮ್ಯವಿರುವುದು ಮೈತ್ರಿಯ ಸ್ವರೂಪದಲ್ಲಿ. ತ್ಲಾಸ್ಕಾಲಾದವರು ತಮ್ಮನ್ನು ಗೆದ್ದವರೆಂದೇ ಭಾವಿಸಿದರು. ತಮ್ಮ ಸೇವೆಯನ್ನು ನೆನಪಿಸುವ ಚಿತ್ರಪಟಗಳನ್ನು ರಚಿಸಿ, ಸ್ಪೇನಿನ ದೊರೆಯಿಂದ ವಿಶೇಷ ಸವಲತ್ತುಗಳನ್ನು ಪಡೆದರು. ಟಿಪ್ಪುವಿನ ವಿರುದ್ಧ ಕಂಪನಿಯೊಡನೆ ನಿಂತ ಕೊಡಗು 1792ರಲ್ಲಿ ತಾನೂ ಗೆದ್ದೆನೆಂದು ಭಾವಿಸಿದ್ದು ಸಹಜ. ಬಲಿಷ್ಠ ನೆರೆಯವನನ್ನು ಇಳಿಸಲು ದೂರದ ಶಕ್ತಿಯೊಂದನ್ನು ಒಳಗೆ ಬಿಟ್ಟುಕೊಂಡ ಸಣ್ಣ ರಾಜ್ಯವು, ಆ ನೆರೆಯವನು ಇಲ್ಲವಾದ ಮೇಲೆ ತನ್ನ ಬೆಲೆಯನ್ನೂ ಕಳೆದುಕೊಳ್ಳುತ್ತದೆ ಎಂಬುದು ಎರಡೂ ಕಡೆ ಕಂಡುಬರುವ ಸಂಗತಿ.

ಯಾರ ಸಮ್ಮತಿ?

ಮೇ 7ರ ಘೋಷಣೆಗೆ ಮುನ್ನ ಫ್ರೇಸರನು ನಾಡಿನ ಮುಖಂಡರ ಅಭಿಪ್ರಾಯ ಪಡೆದುದು ನಿಜ. ಅವರ ಧಾರ್ಮಿಕ ಹಾಗೂ ಸಾಮಾಜಿಕ ಪದ್ಧತಿಗಳನ್ನು ಗೌರವಿಸುವ ಭರವಸೆಯನ್ನೂ ನೀಡಲಾಯಿತು. ಆದರೆ ಹಾಗೆ ಕೇಳಿಸಿಕೊಂಡವರು ದಿವಾನರು, ಕಾರ್ಯಕಾರರು ಮತ್ತು ಭೂಮಿಯುಳ್ಳ ಒಕ್ಕಗಳ ಹಿರಿಯರು. ಕೇಳುವ ಹೊತ್ತಿಗೆ ಕೋಟೆಯಲ್ಲಿ ಕಂಪನಿಯ ಸೇನೆಯಿತ್ತು, ಅರಸನು ಗಡಿ ದಾಟಿದ್ದನು. ಆ ಮುಖಂಡರ ಆಯ್ಕೆಯನ್ನು ದ್ರೋಹವೆಂದು ಕರೆಯುವುದು ಸುಲಭ. ಅರಸನ ಭಯದಲ್ಲಿ ವರ್ಷಗಳನ್ನು ಕಳೆದವರಿಗೆ ಅದು ಜೀವರಕ್ಷಣೆಯ ದಾರಿಯೂ ಆಗಿತ್ತು. ಆದರೆ ಅದನ್ನು ಕೊಡಗಿನ ಎಲ್ಲರ ಒಮ್ಮತವೆಂದು ಕರೆಯಲು ಆಧಾರವಿಲ್ಲ.

ಈ ಸಮ್ಮತಿಯಿಂದ ಯಾರಿಗೆ ಏನು ದೊರೆಯಿತೆಂಬುದು ಅದರ ಸ್ವರೂಪವನ್ನು ತಿಳಿಸುತ್ತದೆ. ಅಪ್ಪಾರಂಡ ಬೋಪು, ಚೆಪ್ಪುಡೀರ ಪೊನ್ನಪ್ಪ ಮುಂತಾದವರು ಹೊಸ ಆಡಳಿತದಲ್ಲಿಯೂ ದಿವಾನರಾಗಿ ಮುಂದುವರಿದರು. ಜಮ್ಮಾ ಹಿಡುವಳಿ ಅದರ ರಿಯಾಯಿತಿಗಳೊಡನೆ ಉಳಿಯಿತು. ಇದಕ್ಕೆ ವ್ಯತಿರಿಕ್ತವಾಗಿ, 1804ರಿಂದ ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದ ಘಟ್ಟದ ಕೆಳಗಿನ ಪ್ರದೇಶವನ್ನು ಹಾಗೂ ಅಮರ ಸುಳ್ಯದ ಮಾಗಣೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅರಸರ ಕಾಲದಲ್ಲಿ ಧಾನ್ಯರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ಅಲ್ಲಿನ ರೈತರು ಈಗ ನಗದು ಕೊಡಬೇಕಾಯಿತು. ನಗದಿಗಾಗಿ ಬೆಳೆಯನ್ನು ಅಗ್ಗಕ್ಕೆ ಮಾರುವುದು, ಇಲ್ಲವೇ ಸಾಲಗಾರರಾಗುವುದು ಅವರಿಗೆ ಅನಿವಾರ್ಯವಾಯಿತು. ಈ ರೈತರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಅವರು ತಮ್ಮ ಉತ್ತರವನ್ನು ಮೂರು ವರ್ಷಗಳಲ್ಲಿ ನೀಡಿದರು. ಹಾಲೇರಿ ವಂಶದವನೆಂದು ಹೇಳಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ 1837ರ ಮಾರ್ಚ್ ಕೊನೆಯಲ್ಲಿ ಸುಳ್ಯ ಸೀಮೆಯಲ್ಲಿ ಬಂಡಾಯ ಆರಂಭವಾಯಿತು. ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ ಮೊದಲಾದವರ ಮುಂದಾಳ್ತನದಲ್ಲಿ ಬೆಳ್ಳಾರೆ, ಪುತ್ತೂರುಗಳನ್ನು ಹಾದು ಬಂದ ಬಂಡಾಯಗಾರರು ಏಪ್ರಿಲ್ 5ರಂದು ಮಂಗಳೂರನ್ನು ವಶಪಡಿಸಿಕೊಂಡು ಸುಮಾರು ಎರಡು ವಾರಗಳ ಕಾಲ ಅಲ್ಲಿ ಅಧಿಕಾರ ನಡೆಸಿದರು. ಕಂದಾಯದ ವಿನಾಯಿತಿ ಅವರ ಘೋಷಣೆಗಳ ಮುಖ್ಯ ಅಂಶವಾಗಿತ್ತು. ಕಂಪನಿಯ ಹೆಚ್ಚುವರಿ ಪಡೆಗಳು ಬಂದ ನಂತರ ಬಂಡಾಯ ಕುಸಿಯಿತು. ಕಲ್ಯಾಣಸ್ವಾಮಿಯ ಪಾತ್ರ ವಹಿಸಿದ್ದ ಪುಟ್ಟಬಸಪ್ಪ ಮತ್ತು ನಂದಾವರದ ಲಕ್ಷ್ಮಪ್ಪ ಬಂಗರಸರನ್ನು ಮಂಗಳೂರಿನಲ್ಲಿಯೂ, ಅಪ್ಪಯ್ಯಗೌಡನನ್ನು ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿಯೂ ಗಲ್ಲಿಗೇರಿಸಲಾಯಿತು.

ಇದೇ ಬಂಡಾಯವನ್ನು ಅಡಗಿಸಲು ಬೋಪು ಮತ್ತು ಪೊನ್ನಪ್ಪನವರು ಸೂಪರಿಂಟೆಂಡೆಂಟ್ ಲೆಹಾರ್ಡಿಗೆ ನೆರವಾದರು. ನಿಷ್ಠೆ ತೋರಿದವರಿಗೆ ಚಿನ್ನ, ಬೆಳ್ಳಿಯ ಕೊಡಗು ಪದಕಗಳನ್ನು ಅಚ್ಚು ಹಾಕಿಸಿ ಹಂಚಲಾಯಿತು. ಮುಂದೆ 1861ರಲ್ಲಿ ಆಯುಧ ಕಾಯಿದೆಯಿಂದ ಕೊಡಗಿನವರಿಗೆ ದೊರೆತ ವಿನಾಯಿತಿಯನ್ನೂ ಈ ಸೇವೆಯ ಮನ್ನಣೆಯ ಮುಂದುವರಿಕೆಯಾಗಿ ಕಾಣಬಹುದು. ಅದು ಸ್ವತಂತ್ರ ಭಾರತದಲ್ಲಿಯೂ ಉಳಿದು ಬಂದಿದೆ. ಒಂದು ಕೈಗೆ ಪದಕ, ಇನ್ನೊಂದು ಕೊರಳಿಗೆ ಹಗ್ಗ ಬಂದ 1837ರ ವರ್ಷವೊಂದೇ 1834ರ ‘ಒಮ್ಮತ’ ಎಷ್ಟು ಸೀಮಿತವಾಗಿತ್ತೆಂಬುದನ್ನು ಸಿದ್ಧಪಡಿಸುತ್ತದೆ.

ಅರಸನ ವ್ಯಾಜ್ಯ

ಚಿಕ್ಕವೀರರಾಜೇಂದ್ರನು 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ತೆರಳಿದನು. ಆ ವರ್ಷದ ಜೂನ್ 30ರಂದು ಗೌರಮ್ಮ ಕ್ರೈಸ್ತ ದೀಕ್ಷೆ ಪಡೆದಳು. ವಿಕ್ಟೋರಿಯಾ ರಾಣಿಯೇ ಆಕೆಯ ಧರ್ಮಮಾತೆಯಾಗಿ ತನ್ನ ಹೆಸರನ್ನು ನೀಡಿದಳು. ಅರಸನ ಪ್ರಯಾಣದ ಮುಖ್ಯ ಉದ್ದೇಶ ಕಂಪನಿಯಲ್ಲಿ ಬಡ್ಡಿಗೆ ತೊಡಗಿಸಿದ್ದ, 1834ರಲ್ಲಿ ಸಾಲಪತ್ರಗಳ ರೂಪದಲ್ಲಿ ವಶವಾಗಿದ್ದ ಮನೆತನದ ಹಣವನ್ನು ಮರಳಿ ಪಡೆಯುವುದಾಗಿತ್ತು. ಅವನ ವಾದದ ತಿರುಳು ಸರಳ: ಕಂಪನಿಯು ಸಾಲಗಾರನಾಗಿ ಬರೆದುಕೊಟ್ಟ ಪತ್ರಗಳನ್ನು ಅರಸೊತ್ತಿಗೆಯಾಗಿ ಕಿತ್ತುಕೊಂಡು ತನ್ನ ಸಾಲವನ್ನು ತಾನೇ ಅಳಿಸಿಕೊಳ್ಳಲಾಗದು. ಅರಸನು 1859ರ ಸೆಪ್ಟೆಂಬರ್ 24ರಂದು ಲಂಡನ್ನಿನಲ್ಲಿ ತೀರಿಕೊಂಡನು. ಮರುವರ್ಷ ಬಂದ ತೀರ್ಪು, ಪೀಠಿಕೆಯಲ್ಲಿ ಹೇಳಿದಂತೆ, ಆ ವಶಪಡಿಸಿಕೊಳ್ಳುವಿಕೆಯನ್ನು ಯುದ್ಧಕಾಲದ ರಾಜ್ಯಕೃತ್ಯವೆಂದು ಪರಿಗಣಿಸಿತು. ಭೂಮಿ ಪಡೆಯುವಾಗ ಸಮ್ಮತಿ, ಹಣ ಉಳಿಸಿಕೊಳ್ಳುವಾಗ ವಿಜಯ ಎಂಬ ಈ ಇಬ್ಬಗೆಯ ನೀತಿ ದಾಖಲೆಗಳಲ್ಲಿಯೇ ಸ್ಪಷ್ಟವಾಗಿದೆ.

ಉಪಸಂಹಾರ

ಮಡಿಕೇರಿಯ ಕೋಟೆಯೊಳಗಿದ್ದ ವೀರಭದ್ರ ದೇವಾಲಯವನ್ನು 1855ರಲ್ಲಿ ತೆರವುಗೊಳಿಸಿ, ಆ ಸ್ಥಳದಲ್ಲಿ ಸೇಂಟ್ ಮಾರ್ಕ್ಸ್ ಚರ್ಚನ್ನು ಕಟ್ಟಲಾಯಿತು. ಆ ಕಟ್ಟಡ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಧಾರ್ಮಿಕ ಪದ್ಧತಿಗಳಿಗೆ ಧಕ್ಕೆಯಾಗದೆಂಬ ಭರವಸೆ ಮಡಿಕೇರಿಯಲ್ಲಿ ಹೊರಟು ಆಗ ಇಪ್ಪತ್ತೊಂದು ವರ್ಷಗಳಾಗಿದ್ದವು. ಕುಶಾಲನಗರ ಬಹುಕಾಲ ಫ್ರೇಸರ್‌ಪೇಟೆಯೆಂಬ ಹೆಸರನ್ನು ಹೊತ್ತಿತ್ತು. ಸ್ಮಾರಕಗಳಲ್ಲಿ ಉಳಿದುದು ವಿಜಯದ ಗುರುತೇ ಹೊರತು ಸಮ್ಮತಿಯದಲ್ಲ.

ಅಜ್ಟೆಕರ ಪತನವನ್ನು ಶತಮಾನಗಳ ಕಾಲ ಕೊರ್ಟೆಸನ ಪತ್ರಗಳ ಮೂಲಕವೇ ಓದಲಾಯಿತು. ಸಹಗುನ್ ಎಂಬ ಪಾದ್ರಿಯ ನೇತೃತ್ವದಲ್ಲಿ ಹದಿನಾರನೆಯ ಶತಮಾನದಲ್ಲಿ ಸಂಗ್ರಹವಾದ ನಹುವಾಟ್ಲ್ ಭಾಷೆಯ ನಿರೂಪಣೆಗಳಿಗೆ ವಿದ್ವಾಂಸರು ಬಹಳ ತಡವಾಗಿ ಕಿವಿಗೊಟ್ಟರು. ಆಗ ಸೋತವರ ಕಣ್ಣಿಗೆ ಕಂಡ ಯುದ್ಧ ಬೆಳಕಿಗೆ ಬಂದಿತು. ಕೊಡಗಿನ ಪತನವನ್ನು ಕುರಿತೂ ಹೆಚ್ಚಿನ ಬರಹಗಳು ಫ್ರೇಸರ್, ಮೋಗ್ಲಿಂಗ್, ರಿಕ್ಟರರನ್ನು ಅವಲಂಬಿಸಿವೆ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯು ಅರಸನ ದುರಂತವನ್ನು ಕನ್ನಡಿಗರ ಮನಸ್ಸಿನಲ್ಲಿ ನೆಲೆಗೊಳಿಸಿದೆ. ಅದು ಸಾಹಿತ್ಯದ ಸಾಧನೆ. ಇತಿಹಾಸದ ಕೆಲಸ ಅರಸನನ್ನು ಖಂಡಿಸುವುದರಲ್ಲಿಯೋ ಸಮರ್ಥಿಸುವುದರಲ್ಲಿಯೋ ಮುಗಿಯುವುದಿಲ್ಲ. ಉತ್ತರದ ಉಕ್ಕಡದಲ್ಲಿ ಕಾದಿದ ಒಕ್ಕದವನೂ, ಕುಶಾಲನಗರದ ದಾರಿ ತೆರೆದ ದಿವಾನನೂ, ನಗದು ಕಂದಾಯಕ್ಕೆ ಸಿಲುಕಿದ ಸುಳ್ಯದ ರೈತನೂ 1834ರ ಕೊಡಗಿನವರೇ. ಈ ಮೂವರನ್ನೂ ಒಟ್ಟಿಗೆ ಇರಿಸಿ, ಕನ್ನಡದ ಹುಕುಂನಾಮೆಗಳು, ಕಂದಾಯದ ಕಡತಗಳು, ಐನ್‌ಮನೆಗಳ ನೆನಪುಗಳು ಮತ್ತು ಸುಳ್ಯ ಸೀಮೆಯ ಮೌಖಿಕ ಪರಂಪರೆಯನ್ನು ಪರಸ್ಪರ ಹೋಲಿಸಿ ಓದಿದಾಗ ಮಾತ್ರ ಮೇ 7ರ ಘೋಷಣೆಯಲ್ಲಿ ‘ಎಲ್ಲರೂ’ ಎಂದು ಕರೆಯಲಾದವರು ಯಾರೆಂಬ ಪ್ರಶ್ನೆಗೆ ಸಮರ್ಪಕವಾದ ಉತ್ತರ ದೊರೆಯುತ್ತದೆ.